ಡೈಮಂಡ್ ಡಸ್ಟ್‌ಗೆ ಸಿಕ್ಕ ಜಾಗ

ಗಿಟಾರ್ ವಾದಕನೊಬ್ಬನ ಹಳೆಯ ಎಲ್‌ಪಿ ದುಬಾರಿ ಮರುಮುದ್ರಣವಾಗಿ ಬಂದಾಗ, ಗಿಟಾರ್ ಇನ್ನಷ್ಟು ಚೆನ್ನಾಗಿ ಕೇಳಿಸಲಿ ಎಂದೇ ನಾವೆಲ್ಲ ದುಡ್ಡು ಬಿಚ್ಚುತ್ತೇವೆ. ಜೆಫ್ ಬೆಕ್‌ನ ‘ಬ್ಲೋ ಬೈ ಬ್ಲೋ’ ವಿಷಯದಲ್ಲಿ ಆ ಆಸೆಗೆ ಅರ್ಥವಿಲ್ಲ. ಎಪಿಕ್ ಕಂಪನಿಯ 1975ರ ಮಾಮೂಲಿ ಪ್ರತಿಯಲ್ಲೂ ಬೆಕ್‌ನ ಗಿಟಾರ್ ಎದ್ದು ನಿಲ್ಲುತ್ತದೆ. ಗೀರುಬಿದ್ದ, ಸವೆದ ಪ್ರತಿಗೂ ಅದನ್ನು ಅಡಗಿಸಲಾಗದು. ಅನಲಾಗ್ ಪ್ರೊಡಕ್ಷನ್ಸ್ ಹೊರತಂದಿರುವ 45 ಆರ್‌ಪಿಎಂನ ಎರಡು ರೆಕಾರ್ಡುಗಳ ಆವೃತ್ತಿಯಿಂದ ನಿಜವಾಗಿ ಲಾಭವಾಗಿರುವುದು ಅವನ ಸುತ್ತ ಕೂತು ನುಡಿಸಿದವರಿಗೆ. ಅವರಿಗಿಂತಲೂ ಹೆಚ್ಚಾಗಿ, ಗಾಜಿನಾಚೆ ಕೂತಿದ್ದ ನಿರ್ಮಾಪಕ ಜಾರ್ಜ್ ಮಾರ್ಟಿನ್‌ಗೆ.

ಬೀಟಲ್ಸ್ ತಂಡದ ನಿರ್ಮಾಪಕನಾಗಿ ಲೋಕಕ್ಕೆಲ್ಲ ಗೊತ್ತಿರುವ ಮಾರ್ಟಿನ್, 1974ರಲ್ಲಿ ಮಹಾವಿಷ್ಣು ಆರ್ಕೆಸ್ಟ್ರಾದ ‘ಅಪೊಕ್ಯಾಲಿಪ್ಸ್’ ಮಾಡಿಕೊಟ್ಟಿದ್ದ. ಜಾನ್ ಮೆಕ್‌ಲಾಫ್ಲಿನ್‌ನ ಗಿಟಾರನ್ನು ಲಂಡನ್ ಸಿಂಫನಿ ಆರ್ಕೆಸ್ಟ್ರಾದ ಜೊತೆ ಕೂರಿಸಿದ ಆಲ್ಬಂ ಅದು. ಅದೇ ವರ್ಷ ಲಂಡನ್ನಿನ ಏರ್ ಸ್ಟುಡಿಯೋಗೆ ಬೆಕ್ ಬಂದ. ಈ ಬಾರಿ ಗಾಯಕನ ಹಂಗಿಲ್ಲ. ಕೀಬೋರ್ಡಿಗೆ ಹಳೆಯ ಜೊತೆಗಾರ ಮ್ಯಾಕ್ಸ್ ಮಿಡಲ್ಟನ್, ಬಾಸ್‌ಗೆ ಜಮೈಕಾದ ಫಿಲ್ ಚೆನ್, ಡ್ರಮ್ಸ್‌ಗೆ ರಿಚರ್ಡ್ ಬೈಲಿ. ‘ಶೀ ಈಸ್ ಅ ವುಮನ್’ ಎಂಬ ಬೀಟಲ್ಸ್ ಹಾಡನ್ನು ರೆಗೆ ಲಯಕ್ಕೆ ಇಳಿಸಿ, ಬಾಯಲ್ಲಿ ಕೊಳವೆ ಇಟ್ಟುಕೊಂಡು ಗಿಟಾರನ್ನೇ ಮಾತಾಡಿಸುವ ಟಾಕ್ ಬಾಕ್ಸ್ ಬಳಸಿದ. ಅದನ್ನು ಪೀಟರ್ ಫ್ರ್ಯಾಂಪ್ಟನ್ ಮನೆಮಾತಾಗಿಸುವುದಕ್ಕೆ ಮೊದಲಿನ ಮಾತಿದು. ಹಾಡುವವರಿಲ್ಲದ ಈ ಆಲ್ಬಂ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನಾಲ್ಕನೇ ಸ್ಥಾನಕ್ಕೇರಿತು.

ಬೆಕ್‌ಗೆ ತನ್ನ ಸೋಲೊಗಳು ಎಂದೂ ಸಾಲುತ್ತಿರಲಿಲ್ಲ. ತಿಂಗಳುಗಳಾದ ಮೇಲೂ ಫೋನ್ ಮಾಡಿ, ಆ ಒಂದು ಭಾಗ ಮತ್ತೆ ನುಡಿಸುತ್ತೇನೆ ಎಂದನಂತೆ. ರೆಕಾರ್ಡ್ ಆಗಲೇ ಅಂಗಡಿಗೆ ಹೋಗಿದೆಯಲ್ಲ ಮಾರಾಯ ಎಂಬರ್ಥದ ಉತ್ತರ ಕೊಡಬೇಕಾಯಿತು ಎಂದು ಮಾರ್ಟಿನ್ ನಗುತ್ತಾ ಹೇಳಿಕೊಳ್ಳುತ್ತಿದ್ದ.

ಮಾರ್ಟಿನ್ ಬರೆದ ತಂತಿವಾದ್ಯಗಳ ಮೇಳ ಎರಡು ಕಡೆ ಬರುತ್ತದೆ. ಒಂದು ‘ಸ್ಕ್ಯಾಟರ್‌ಬ್ರೇನ್’. ಒಂಬತ್ತರ ನಡೆಯಲ್ಲಿ ಓಡುವ ಆ ತುಣುಕನ್ನು ಕರ್ನಾಟಕ ಸಂಗೀತದ ಕಿವಿಯವರು ಸಂಕೀರ್ಣ ಎಂದು ಬೆರಳಲ್ಲಿ ಎಣಿಸಿಕೊಂಡು ಸುಖಪಡಬಹುದು. ಇನ್ನೊಂದು, ಎಂಟು ನಿಮಿಷ ದಾಟುವ ‘ಡೈಮಂಡ್ ಡಸ್ಟ್’. ಆಲ್ಬಮ್ಮಿನ ಅತ್ಯಂತ ನಾಜೂಕಾದ ಈ ರಚನೆ ಮೂಲ ಎಲ್‌ಪಿಯಲ್ಲಿ ಕೂತಿದ್ದು ಎರಡನೇ ಬದಿಯ ಕೊಟ್ಟಕೊನೆಯಲ್ಲಿ, ಅಂದರೆ ಲೇಬಲ್‌ಗೆ ತಾಗಿಕೊಂಡು. ರೆಕಾರ್ಡ್ ಕತ್ತರಿಸುವವರನ್ನು ಕೇಳಿದರೆ ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ ಎನ್ನುತ್ತಾರೆ.

ಲೆಕ್ಕ ಸರಳ. 33 ಆರ್‌ಪಿಎಂ ರೆಕಾರ್ಡಿನ ಹೊರ ಅಂಚಿನಲ್ಲಿ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗೆರೆ ಸ್ಟೈಲಸ್ಸಿನ ಕೆಳಗೆ ಹಾದುಹೋಗುತ್ತದೆ. ಒಳಗೊಳಗೆ ಸರಿದಂತೆ ಸುತ್ತು ಚಿಕ್ಕದಾಗಿ, ಕೊನೆಯಲ್ಲಿ ಅದು 21 ಸೆಂಟಿಮೀಟರಿಗೆ ಇಳಿಯುತ್ತದೆ. ಸಂಗೀತ ಮಾತ್ರ ಅಷ್ಟೇ ಇದೆ. ಸ್ಲೇಟಿನ ತುಂಬ ಬರೆದ ಲೆಕ್ಕವನ್ನು ಬೆಂಕಿಪೊಟ್ಟಣದ ಬೆನ್ನಿನ ಮೇಲೆ ಬರೆದ ಹಾಗೆ. ಪಿಟೀಲುಗಳ ಮೇಲಿನ ಸ್ವರಗಳು ಒರಟಾಗುತ್ತವೆ, ಸಿಂಬಲ್ ಸದ್ದು ಉಸ್ ಎಂದು ಚೆದರುತ್ತದೆ. ವೇಗವನ್ನು 45ಕ್ಕೆ ಏರಿಸಿದರೆ ಹೊರಗೆ 69, ಒಳಗೆ 28. ಇಪ್ಪತ್ತೊಂದಕ್ಕೂ ಇಪ್ಪತ್ತೆಂಟಕ್ಕೂ ಏನು ಮಹಾ ಎನ್ನಬೇಡಿ. ಮೂರನೇ ಒಂದರಷ್ಟು ಹೆಚ್ಚು. ಜೊತೆಗೆ ಒಂದೊಂದು ಬದಿಗೆ ಹನ್ನೊಂದು ನಿಮಿಷದ ಆಸುಪಾಸಿನಷ್ಟೇ ಸಂಗೀತ ಇರುವುದರಿಂದ ಲೇಬಲ್ಲಿನ ತನಕ ಹೋಗುವ ತುರ್ತೂ ಇಲ್ಲ.

ಸ್ಟರ್ಲಿಂಗ್ ಸೌಂಡ್‌ನ ರಯನ್ ಸ್ಮಿತ್ ಮೂಲ ಅನಲಾಗ್ ಟೇಪಿನಿಂದ ಇದನ್ನು ಕತ್ತರಿಸಿದ್ದಾನೆ. ಅಚ್ಚಾಗಿರುವುದು ಕ್ಯಾನ್ಸಸ್‌ನ ಸಲೈನಾ ಊರಿನ ಕ್ವಾಲಿಟಿ ರೆಕಾರ್ಡ್ ಪ್ರೆಸಿಂಗ್ಸ್‌ನಲ್ಲಿ, 200 ಗ್ರಾಂ ವೈನಲ್‌ನಲ್ಲಿ. ತೂಕಕ್ಕೆ ನಾನು ಬೆಲೆ ಕೊಡುವವನಲ್ಲ. ಕೈಗೆ ಹಿತ, ಕಿವಿಗೆ ವ್ಯತ್ಯಾಸ ಕಡಿಮೆ. ಮೂಲ ಟೇಪ್ ಎಂಬ ಮಂತ್ರವನ್ನೂ ಅತಿಯಾಗಿ ಜಪಿಸಬೇಕಾಗಿಲ್ಲ. ಮೊಬೈಲ್ ಫಿಡೆಲಿಟಿ ಕಂಪನಿ ವರ್ಷಗಳಿಂದ ಹಲವು ರೆಕಾರ್ಡುಗಳಿಗೆ ನಡುವೆ ಒಂದು ಡಿಜಿಟಲ್ ಹಂತ ಬಳಸುತ್ತಿತ್ತೆಂದು 2022ರಲ್ಲಿ ಬಯಲಾದಾಗ, ಅವುಗಳ ಅನಲಾಗ್ ಸೊಗಸನ್ನು ಕೊಂಡಾಡಿದ್ದ ಎಷ್ಟೋ ಕಿವಿಗಳು ಪೆಚ್ಚಾದವು. ಇಲ್ಲಿ ಗೆಲುವು ಟೇಪಿನದಕ್ಕಿಂತ ಹೆಚ್ಚಾಗಿ ಜಾಗದ್ದು. ಡೈಮಂಡ್ ಡಸ್ಟ್‌ನ ಪಿಟೀಲುಗಳಿಗೆ ಕೊನೆಗೂ ಕಾಲು ಚಾಚಲು ಸ್ಥಳ ಸಿಕ್ಕಿದೆ. ಬೈಲಿಯ ಹೈ-ಹ್ಯಾಟ್‌ನಲ್ಲಿ ಒಂದೊಂದು ಪೆಟ್ಟೂ ಬೇರೆಬೇರೆ ಬಲದ್ದೆಂದು ಗೊತ್ತಾಗುತ್ತದೆ. ಹಳೆಯ ಪ್ರತಿಯಲ್ಲಿ ಗಿಟಾರಿನ ನೆರಳಾಗಿದ್ದ ಮಿಡಲ್ಟನ್‌ನ ಎಲೆಕ್ಟ್ರಿಕ್ ಪಿಯಾನೋಗೆ ಅದರದೇ ಮೂಲೆ ಇದೆ.

ಸ್ಟೀವಿ ವಂಡರ್ ಬರೆದ ‘ಕಾಸ್ ವೀವ್ ಎಂಡೆಡ್ ಆ್ಯಸ್ ಲವರ್ಸ್’ ಎಲ್ಲರಿಗೂ ಪ್ರಿಯ. ಬೆಕ್ ಇದನ್ನು ಗಿಟಾರ್ ವಾದಕ ರಾಯ್ ಬ್ಯುಕ್ಯಾನನ್‌ಗೆ ಅರ್ಪಿಸಿದ್ದಾನೆ. ಇದರಲ್ಲಿ ಅವನು ನುಡಿಸಿದ್ದು ಸೀಮೋರ್ ಡಂಕನ್ ಕೂಡಿಸಿಕೊಟ್ಟ ಟೆಲಿಕಾಸ್ಟರ್ ಗಿಟಾರ್, ಗಿಬ್ಸನ್‌ನ ಪಿಕಪ್ ಹೊತ್ತದ್ದು. ಮುಖಪುಟದಲ್ಲಿ ಮೆರೆಯುವ ಲೆಸ್ ಪಾಲ್ ಬೇರೆ. ಬೆಕ್ ತೀರಿಕೊಂಡ ಎರಡು ವರ್ಷಕ್ಕೆ, 2025ರ ಜನವರಿಯಲ್ಲಿ, ಆ ಲೆಸ್ ಪಾಲ್ ಲಂಡನ್ನಿನ ಹರಾಜಿನಲ್ಲಿ ಹತ್ತು ಲಕ್ಷ ಪೌಂಡ್ ದಾಟಿತು. ವಾಲ್ಯೂಮ್ ಗುಂಡಿಯನ್ನು ಕಿರುಬೆರಳಲ್ಲಿ ತಿರುವುತ್ತಾ ಸ್ವರವನ್ನು ಮೆಲ್ಲಗೆ ಅರಳಿಸುವ ಅವನ ಚಮತ್ಕಾರ ಹಳೆಯ ಎಲ್‌ಪಿಯಲ್ಲೂ ಪೂರ್ತಿ ಕೇಳುತ್ತದೆ. ಕಾರಣ, ಅದು ಎರಡನೇ ಬದಿಯ ಮೊದಲ ಹಾಡು, ವಿಶಾಲವಾದ ಹೊರ ಅಂಚಿನಲ್ಲಿ ಕೂತಿದೆ.

ಈ ಆವೃತ್ತಿಯಲ್ಲಿ ಕಳೆದುಕೊಂಡದ್ದೂ ಇದೆ. ‘ಏರ್ ಬ್ಲೋವರ್’ ಮುಗಿಯುತ್ತಲೇ ‘ಸ್ಕ್ಯಾಟರ್‌ಬ್ರೇನ್’ ಎದ್ದುಬರುವಂಥ ಹೆಣಿಗೆಯಿರುವ ಆಲ್ಬಂ ಇದು. ಒಂದಿಡೀ ಬದಿಯೇ ಒಂದು ಘಟಕವಾಗಿ ಕೇಳಿಸುತ್ತದೆ. ಅಂಥ ಆಲ್ಬಮ್ಮನ್ನು ನಾಲ್ಕು ಬದಿಗೆ ತುಂಡರಿಸಿದರೆ ಗಳಿಗೆಗೊಮ್ಮೆ ಎದ್ದು ರೆಕಾರ್ಡ್ ಮಗುಚುವ ಕೆಲಸ. ಬೆಲ್ಟನ್ನು ಕೈಯಾರೆ ಬದಲಿಸಿ ವೇಗ ಏರಿಸಬೇಕಾದ ಟರ್ನ್‌ಟೇಬಲ್ ಇರುವವರಿಗೆ ಇನ್ನೂ ಒಂದು ಕಿರಿಕಿರಿ.

ಹಳೆಯ ಎಪಿಕ್ ಪ್ರತಿ ಚೊಕ್ಕಟವಾಗಿದ್ದರೆ ಅದನ್ನು ಮಾರಬೇಡಿ. ಮೊದಲ ಬದಿಗೆ ಅದನ್ನೇ ಹಚ್ಚಿ, ಹರಿವು ಕೆಡದಂತೆ ಕೇಳಿ. ಹೊಸದರಲ್ಲಿ ‘ಡೈಮಂಡ್ ಡಸ್ಟ್’ ಇರುವ ನಾಲ್ಕನೇ ಬದಿ ಮೊದಲು. ಹಳೆಯದು ಇಲ್ಲದವರು, ಸಾಗಣೆ ಮತ್ತು ಸುಂಕದ ಭಾರ ತಡೆದುಕೊಳ್ಳಬಲ್ಲವರಾದರೆ, ನೇರ ಇದಕ್ಕೇ ಕೈಹಾಕಬಹುದು.