ಗಡ್ಡದ ಮರೆಯಲ್ಲಿ ಉಳಿದವರು

ಗುಲಾಮಗಿರಿಯ ವಿರುದ್ಧ ಆಯುಧ ಹಿಡಿದ ಜಾನ್ ಬ್ರೌನ್ ಎಂದೊಡನೆ ಅಮೆರಿಕದವರ ಕಣ್ಣಮುಂದೆ ಬರುವುದು ಎದೆಗಿಳಿದ ಗಡ್ಡ, ಕೆಂಡದಂಥ ಕಣ್ಣು. ಆದರೆ 1856ರ ಮೇ ತಿಂಗಳ ಒಂದು ರಾತ್ರಿ ಕಾನ್ಸಾಸಿನ ಪೊಟವಾಟಮಿ ಹಳ್ಳದ ಬಳಿ, ಗುಲಾಮಗಿರಿಯ ಪರವಾಗಿದ್ದ ಐವರನ್ನು ಅವನ ಗುಂಪು ಮನೆಯಿಂದ ಎಳೆದು ತಂದು ಕತ್ತಿಯಿಂದ ಕಡಿದಾಗ ಅವನ ಮುಖ ಬೋಳಾಗಿತ್ತು. ಗಡ್ಡ ಬಂದದ್ದು ಆಮೇಲೆ. ಸಿನಿಮಾಕ್ಕೆ ಗಡ್ಡ ಬೇಕು, ಏಕೆಂದರೆ ಗಡ್ಡವಿದ್ದರೆ ಅವನನ್ನು ಪ್ರವಾದಿಯನ್ನಾಗಿಯೋ ಹುಚ್ಚನನ್ನಾಗಿಯೋ ಮಾಡುವುದು ಸುಲಭ. ತೊಗಲು ಹದಮಾಡಿ ಬದುಕಿದ, ಉಣ್ಣೆಯ ವ್ಯಾಪಾರದಲ್ಲಿ ಕೈಸುಟ್ಟುಕೊಂಡ, ಇಬ್ಬರು ಹೆಂಡಿರಿಂದ ಇಪ್ಪತ್ತು ಮಕ್ಕಳನ್ನು ಪಡೆದ ಮನುಷ್ಯನನ್ನು ತೋರಿಸುವುದು ಕಷ್ಟ.

ಹಾರ್ಪರ್ಸ್ ಫೆರಿಯ ಶಸ್ತ್ರಾಗಾರದ ಮೇಲೆ ದಾಳಿ ಮಾಡಿದ್ದಕ್ಕೆ ಅವನನ್ನು 1859ರ ಡಿಸೆಂಬರ್ 2ರಂದು ಗಲ್ಲಿಗೇರಿಸಿದರು. ಕಾವಲಿಗೆ ನಿಂತ ಸಿಪಾಯಿಗಳ ನಡುವೆ ಒಬ್ಬ ನಟನೂ ಇದ್ದ: ಮುಂದೆ ಲಿಂಕನ್‌ರನ್ನು ಕೊಂದ ಜಾನ್ ವಿಲ್ಕ್ಸ್ ಬೂತ್. ಅದೇ ತಿಂಗಳು ನ್ಯೂಯಾರ್ಕಿನ ಬೋವರಿ ಥಿಯೇಟರಿನಲ್ಲಿ ಬ್ರೌನ್ ನಾಟಕದ ಪಾತ್ರವಾಗಿಬಿಟ್ಟ.

ಮೈಕಲ್ ಕರ್ಟಿಜ್ ನಿರ್ದೇಶಿಸಿದ 1940ರ ‘ಸಾಂಟಾ ಫೆ ಟ್ರೇಲ್’ ನೋಡುವಾಗ ನನಗೆ ಸಿಟ್ಟು ಬರುತ್ತದೆ. ಅಲ್ಲಿ ನಾಯಕರು ಎರಲ್ ಫ್ಲಿನ್ ಮತ್ತು ರೊನಾಲ್ಡ್ ರೇಗನ್ ಆಡುವ ಸೈನಿಕರು. ರೇಗನ್ ಆಡಿದ್ದು ಕಸ್ಟರ್ ಎಂಬ ಸೇನಾಧಿಕಾರಿಯ ಪಾತ್ರ; ನಿಜವಾದ ಕಸ್ಟರ್ ಸೈನಿಕ ಶಾಲೆ ಮುಗಿಸಿದ್ದೇ 1861ರಲ್ಲಿ, ಬ್ರೌನ್ ಸತ್ತ ಮೇಲೆ. ಆ ತಪ್ಪನ್ನು ಕ್ಷಮಿಸಬಹುದು. ಬಿಡುಗಡೆ ಪಡೆದ ಕಪ್ಪು ಜನರ ಬಾಯಲ್ಲಿ ‘ಹಿಂದಿನ ಬದುಕೇ ವಾಸಿ’ ಎಂಬ ಅರ್ಥದ ಮಾತು ಆಡಿಸಿದ್ದನ್ನು ಕ್ಷಮಿಸಲಾಗದು. ಅಲ್ಲಿ ಬ್ರೌನ್ ಆಗಿ ಅಬ್ಬರಿಸಿದ ರೇಮಂಡ್ ಮ್ಯಾಸಿ 1955ರ ‘ಸೆವೆನ್ ಆಂಗ್ರಿ ಮೆನ್’ನಲ್ಲಿ ಅದೇ ಪಾತ್ರಕ್ಕೆ ಮರಳಿದ. ಈ ಸಲ ಅವನು ತಂದೆ. ಗಂಡುಮಕ್ಕಳನ್ನು ಒಬ್ಬೊಬ್ಬರಾಗಿ ಬೆಂಕಿಗೆ ಒಡ್ಡಬೇಕಾದ ತಂದೆ. ಆ ಸಂಕಟ ಸತ್ಯವಾದದ್ದು.

ಜೇಮ್ಸ್ ಮೆಕ್‌ಬ್ರೈಡ್ ಕಾದಂಬರಿಯಿಂದ ಬಂದ 2020ರ ಕಿರುಸರಣಿ ‘ದ ಗುಡ್ ಲಾರ್ಡ್ ಬರ್ಡ್’ ಇವೆಲ್ಲಕ್ಕಿಂತ ಎತ್ತರದ ಕೃತಿ. ಈಥನ್ ಹಾಕ್‌ನ ಬ್ರೌನ್ ಪ್ರಾರ್ಥನೆಗೆ ನಿಂತರೆ ಮುಗಿಸುವುದೇ ಇಲ್ಲ. ನಗು ಬರುತ್ತದೆ, ಮರುಗಳಿಗೆಯಲ್ಲೇ ಭಯ. ಕಥೆ ಹೇಳುವವನು ಒಬ್ಬ ಕಪ್ಪು ಹುಡುಗ, ಹೀಗಾಗಿ ಬಿಳಿಯನ ಸಂತತನದ ಮೇಲೆ ಸದಾ ಅನುಮಾನದ ಒಂದು ಕಣ್ಣಿದೆ. ಕಪ್ಪು ಜನರ ಮುಂದಾಳು ಫ್ರೆಡರಿಕ್ ಡಗ್ಲಸ್‌ನನ್ನು ಮಾತ್ರ ಸರಣಿ ಜಂಬಗಾರನನ್ನಾಗಿಸಿ ಹಗುರ ಮಾಡಿತು. ಹಾರ್ಪರ್ಸ್ ಫೆರಿಯ ದಾಳಿ ಬಲೆಗೆ ಬಿದ್ದಂತೆ ಎಂದು ಎಚ್ಚರಿಸಿ ಹಿಂದೆ ಸರಿದವನು ಆತ. ಆ ಎಚ್ಚರ ನಿಜವಾಯಿತು. ಡಗ್ಲಸ್ ಜೊತೆಗೆ ಬಂದಿದ್ದ ಶೀಲ್ಡ್ಸ್ ಗ್ರೀನ್ ಮಾತ್ರ ಬ್ರೌನ್ ಹಿಂದೆ ನಡೆದ, ಗಲ್ಲಿಗೇರಿದ.

ಬ್ರೌನ್‌ಗೆ ಹುಚ್ಚಿತ್ತೋ ಇಲ್ಲವೋ ಎಂಬ ಪ್ರಶ್ನೆಯ ಸುತ್ತಲೇ ರಂಗವೂ ತೆರೆಯೂ ಗಿರಕಿ ಹೊಡೆದಿವೆ; ಅವನ ಸುತ್ತ ಇದ್ದವರು ಮರೆಯಲ್ಲೇ ಉಳಿದರು. 1859ರ ಅಕ್ಟೋಬರ್ 16ರ ರಾತ್ರಿ ಹಾರ್ಪರ್ಸ್ ಫೆರಿಯ ದಾಳಿಗೆ ಅವನೊಂದಿಗಿದ್ದ 21 ಜನರಲ್ಲಿ ಐವರು ಕಪ್ಪು ಜನ. ಆ ದಾಳಿಯಲ್ಲಿ ಮೊದಲು ಸತ್ತವನು ಹೇವರ್ಡ್ ಶೆಪರ್ಡ್, ಸ್ವತಂತ್ರನಾಗಿದ್ದ, ರೈಲು ನಿಲ್ದಾಣದಲ್ಲಿ ದುಡಿಯುತ್ತಿದ್ದ ಕಪ್ಪು ಮನುಷ್ಯ. ಬ್ರೌನ್‌ನನ್ನು ಮೆಚ್ಚುವವರು ಈ ಸಾವಿನಿಂದ ಮುಖ ತಿರುಗಿಸಬಾರದು. ನಾನೂ ಅವನನ್ನು ಮೆಚ್ಚುವವನೇ. ದಾಳಿಕಾರರಲ್ಲಿ ಮೊದಲು ಬಿದ್ದವನು ಡೇಂಜರ್‌ಫೀಲ್ಡ್ ನ್ಯೂಬಿ. ಅವನಿಗೆ ಬಿಡುಗಡೆ ಸಿಕ್ಕಿತ್ತು, ಹೆಂಡತಿ ಹ್ಯಾರಿಯೆಟ್ ಮತ್ತು ಮಕ್ಕಳು ಇನ್ನೂ ವರ್ಜೀನಿಯಾದಲ್ಲಿ ಗುಲಾಮರು. ಬೇರೆಯವರು ಕೊಳ್ಳುವ ಮೊದಲು ನೀನೇ ಬಂದು ನನ್ನನ್ನು ಕೊಂಡುಕೋ ಎಂದು ಅವಳು ಬರೆದಿದ್ದ ಕಾಗದಗಳು ಅವನ ಹೆಣದ ಬಳಿ ಸಿಕ್ಕವು. ನನಗೆ ಬೇಕಾದ ಸಿನಿಮಾ ಆ ಕಾಗದಗಳಿಂದ ಶುರುವಾಗಬೇಕು, ಹ್ಯಾರಿಯೆಟ್ ಅವನ್ನು ಬರೆಯಲು ಕುಳಿತ ಗಳಿಗೆಯಿಂದ.