ಗರುಡನ ಗರಿ ಮತ್ತು ವಾಸ್ತವದ ಅಳತೆಗೋಲು

ಮರದಲ್ಲಿ ಬೇಟೆಹಕ್ಕಿಯನ್ನು ಕೆತ್ತುವ ಇಂದಿನ ವಾಸ್ತವವಾದಿ ಶಿಲ್ಪದಲ್ಲಿ ನೋಡುವವರು ಮರವನ್ನು ಮರೆಯಬೇಕು. ಮೆದು ಮರದಲ್ಲಿ ಮೈಕಟ್ಟನ್ನು ಬಿಡಿಸಿ, ಕಾದ ಮೊನೆಯಿಂದ ಗರಿಯ ಎಳೆಗಳನ್ನು ಗೀರಿ, ಗಾಜಿನ ಕಣ್ಣು ಕೂರಿಸಿ, ತೆಳುಬಣ್ಣವನ್ನು ಪದರಪದರವಾಗಿ ಹಚ್ಚುತ್ತಾರೆ. ಈ ಅಳತೆಗೋಲಿನಿಂದ ನೋಡಿದರೆ ಕೊಪ್ಪಳ ಜಿಲ್ಲೆಯ ಕಿನ್ನಾಳದ ಗರುಡ ಬರಿಯ ಅಲಂಕಾರದ ವಸ್ತುವಾಗಿ ಕಾಣುತ್ತದೆ. ಈ ಶ್ರೇಣೀಕರಣವನ್ನು ಒಪ್ಪುವುದು ಕಷ್ಟ.

ಕಿನ್ನಾಳದ ಚಿತ್ರಗಾರರೂ ಮರವನ್ನು ಮರೆಸುತ್ತಾರೆ. ಹಗುರ ಮರದ ಬಿಡಿಭಾಗಗಳನ್ನು ಜೋಡಿಸಿ, ಹುಣಸೆಬೀಜದ ಅಂಟು ಬೆರೆತ ಲೇಪದಿಂದ ಸಂದುಗಳನ್ನು ಮುಚ್ಚಿ, ಆಭರಣಗಳನ್ನು ಉಬ್ಬಿಸಿ, ಬಣ್ಣ ತುಂಬುತ್ತಾರೆ. ಎರಡು ಪರಂಪರೆಗಳ ಭೇದವಿರುವುದು ಯಾವುದನ್ನು ನಿಜವೆಂದು ಎಣಿಸಬೇಕೆಂಬಲ್ಲಿ. ಮೊದಲನೆಯದಕ್ಕೆ ಅಂಗರಚನೆ ನಿಜ. ಎರಡನೆಯದಕ್ಕೆ ಸ್ವಾಮಿಯನ್ನು ಹೊರುವ ಭಂಗಿ ನಿಜ. ಆದ್ದರಿಂದಲೇ ಕೊಕ್ಕು ಬಾಗಿದ ಮೂಗಾಗುತ್ತದೆ, ಪಂಜ ಮನುಷ್ಯನ ಕೈಯಾಗುತ್ತದೆ.

ನುಡಿಯಲ್ಲಿಯೂ ಈ ಇಬ್ಬಗೆಯುಂಟು. ಬಿಳಿತಲೆಯ, ಇಟ್ಟಿಗೆಗೆಂಪು ಮೈಯ ಹಕ್ಕಿ ತಮಿಳಿನಲ್ಲಿ ಸೆಂಪರುಂದು, ಎಂದರೆ ಕೆಂಪು ಹದ್ದು, ಕನ್ನಡದಲ್ಲಿ ಗರುಡ. ಒಂದು ಹೆಸರು ಬಣ್ಣವನ್ನು ಹಿಡಿಯಿತು, ಇನ್ನೊಂದು ಬಾಂಧವ್ಯವನ್ನು. ಪೆರಿಯನಾಯಕನಪಾಳ್ಯಂನಿಂದ ಮೇಟ್ಟುಪಾಳ್ಯಂ ಹಾದಿ ಹಿಡಿದು ಕಾರಮಡೈ ರಂಗನಾಥನ ಸನ್ನಿಧಿಗೆ ಹೋಗುವ ಕನ್ನಡ ಮನೆಮಾತಿನವರಿಗೆ ಮುಗಿಲ ಹಕ್ಕಿಗೂ ದೇವರ ವಾಹನಕ್ಕೂ ಹೆಸರೊಂದೇ. ಅವರ ಕಣ್ಣಿಗೆ ವಾಸ್ತವವೆಂದರೆ ಗರಿಗಳ ಎಣಿಕೆಯಷ್ಟೇ ಆಗಿರಲಾರದು.

ಹಾಗೆಂದು ಸಂಪ್ರದಾಯಕ್ಕೆ ವಿನಾಯಿತಿ ಬೇಕಿಲ್ಲ. ಭಾರ ಹೊರುವ ಭಂಗಿಯನ್ನೇ ಅಳತೆಯಾಗಿಟ್ಟುಕೊಂಡರೆ ಕಿನ್ನಾಳದ ಕೆಲಸವೂ ಸೋಲಬಹುದು: ಗರುಡನ ಭುಜಕ್ಕೆ ಭಾರದ ಅರಿವಿಲ್ಲದಿದ್ದರೆ ಬಣ್ಣದ ಹೊಳಪು ಆ ಕೊರತೆಯನ್ನು ಮುಚ್ಚಲಾರದು.