ಜಪದ ಬಾವಿಯೂ ಕಿವಿಯೊಳಗಿನ ಡೆಲ್ಟಾವೂ

ಡಂಬಳದ ದೊಡ್ಡಬಸಪ್ಪನ ಗುಡಿ ನೋಡಲು ಬಂದವರು ಜಪದ ಬಾವಿಗೂ ಇಳಿಯಬೇಕು. ನೀರಿಗೆ ಇಳಿಯುವ ಮೆಟ್ಟಿಲು, ಅವುಗಳ ಮಗ್ಗುಲಲ್ಲೇ ಒಬ್ಬರು ಕೂರುವಷ್ಟು ಚಿಕ್ಕ ಗುಡಿಗಳು. 1095ರ ಶಾಸನ ಇದೇ ಊರಿನ ಬೌದ್ಧ ತಾರಾದೇವಿಯನ್ನು ನೆನೆಯುತ್ತದೆ. ಜಪ, ಧ್ಯಾನ ಈ ಊರಿಗೆ ಹೊಸತಲ್ಲ. ಈಗ ಅದೇ ಊರಿನ ಹುಡುಗರ ಮೊಬೈಲಿನಲ್ಲೂ 'ಡೆಲ್ಟಾ ತರಂಗ, ಎಂಟು ತಾಸಿನ ಗಾಢ ನಿದ್ದೆ' ಎಂಬ ಧ್ವನಿಮುದ್ರಿಕೆ ಸಿಗುತ್ತದೆ. ಅದು ಹೇಳಿದ್ದನ್ನು ಮಾಡುತ್ತದೆಯೇ?

ಗಾಢ ನಿದ್ದೆಯಲ್ಲಿ ಮಿದುಳಿನ ವಿದ್ಯುತ್ ಅಲೆಗಳು ಸೆಕೆಂಡಿಗೆ ನಾಲ್ಕಕ್ಕಿಂತ ಕೆಳಗಿಳಿದು ದೊಡ್ಡದಾಗುತ್ತವೆ. ಅದೇ ಡೆಲ್ಟಾ. ಒಂದು ಕಿವಿಗೆ 200, ಇನ್ನೊಂದಕ್ಕೆ 203 ಹರ್ಟ್ಜ್ ಸ್ವರ ಕೊಟ್ಟರೆ ಮೂರರ ಮಿಡಿತವೊಂದು ತಲೆಯೊಳಗೇ ಕೇಳಿಸುತ್ತದೆ. ಮಿದುಳು ಅದೇ ಲಯಕ್ಕೆ ಹೊಂದಿಕೊಳ್ಳುತ್ತದೆ ಎಂಬುದು ಇಂಥ ಮುದ್ರಿಕೆ ಮಾರುವವರ ವಾದ. ಮಿಡಿತ ಕೇಳಿಸುವುದು ನಿಜ, ಹೊಂದಿಕೊಳ್ಳುವುದು ಮಾತ್ರ ಸಾಬೀತಾಗಿಲ್ಲ. 2023ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ 14 ಅಧ್ಯಯನಗಳನ್ನು ತೂಗಿ ನೋಡಿತು: ಐದು ಪರ, ಎಂಟು ವಿರುದ್ಧ, ಒಂದು ಅತ್ತಲೂ ಇತ್ತಲೂ. ಇಷ್ಟು ತೆಳುವಾದ ಆಧಾರದ ಮೇಲೆ ನಿದ್ದೆಗೆಟ್ಟವರಿಗೆ ಭರವಸೆ ಮಾರುವುದು ನನಗೆ ತಪ್ಪಾಗಿ ಕಾಣುತ್ತದೆ.

ಹಾಗೆಂದು ಶಬ್ದಕ್ಕೆ ಶಕ್ತಿಯೇ ಇಲ್ಲವೆಂದಲ್ಲ. 2013ರಲ್ಲಿ ಜರ್ಮನಿಯ ವಿಜ್ಞಾನಿಗಳು ಮಲಗಿದವರ ತಲೆಯ ಅಲೆಗಳನ್ನು ಕ್ಷಣಕ್ಷಣವೂ ಅಳೆದು, ಅಲೆ ಏರುವ ಹೊತ್ತಿಗೇ ಸರಿಯಾಗಿ ಚಿಕ್ಕ ಸದ್ದೊಂದನ್ನು ಕೇಳಿಸಿದರು. ನಿಧಾನದ ಅಲೆಗಳು ಬಲಗೊಂಡವು, ರಾತ್ರಿ ಕಲಿತದ್ದು ಬೆಳಿಗ್ಗೆ ಹೆಚ್ಚು ನೆನಪಿತ್ತು. ಹೊತ್ತು ತಪ್ಪಿದರೆ ಆ ಲಾಭವಿಲ್ಲ. ಜೋಕಾಲಿ ಜೀಕುವವರಿಗೆ ಇದು ಗೊತ್ತು: ತಳ್ಳುವ ಗಳಿಗೆ ತಪ್ಪಿದರೆ ಜೋಕಾಲಿ ನಿಲ್ಲುತ್ತದೆ. ಮಲಗಿದವನ ಅಲೆ ಎಲ್ಲಿದೆಯೆಂದು ಅರಿಯದ ಮುದ್ರಿಕೆ ಎಂಟು ತಾಸು ಕುರುಡಾಗಿ ತಳ್ಳುತ್ತಲೇ ಇರುತ್ತದೆ.

ಧ್ಯಾನದ ಮಾತು ಬೇರೆ. ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು ವಿಪಶ್ಯನ ಧ್ಯಾನದ ಸಾಧಕರ ನಿದ್ದೆಯನ್ನು ಪ್ರಯೋಗಾಲಯದಲ್ಲಿ ದಾಖಲಿಸಿದ್ದಾರೆ. ನಡುವಯಸ್ಸಿಗೆ ಗಾಢ ನಿದ್ದೆ ಸಾಮಾನ್ಯವಾಗಿ ಕರಗುತ್ತದೆ. ಸಾಧಕರಲ್ಲಿ ಅದು ಬಹುಮಟ್ಟಿಗೆ ಉಳಿದಿತ್ತು. ಈ ಫಲಿತಾಂಶ ನನಗೆ ತುಂಬಾ ಪ್ರಿಯ. ಆದ್ದರಿಂದಲೇ ಅದನ್ನು ಕಟ್ಟುನಿಟ್ಟಾಗಿ ಓದಬೇಕು. ಅಲ್ಲಿ ಹೋಲಿಸಿದ್ದು ವರ್ಷಗಟ್ಟಲೆ ಧ್ಯಾನ ಮಾಡಿದವರನ್ನು, ಮಾಡದವರನ್ನು. ಒಳ್ಳೆಯ ನಿದ್ದೆಯುಳ್ಳವರೇ ಧ್ಯಾನದಲ್ಲಿ ಉಳಿದರೋ ಏನೋ, ಆ ಸಂಶಯ ಹಾಗೇ ಉಳಿಯುತ್ತದೆ. ಅದೇ ಸಂಸ್ಥೆಯವರು 2011ರಲ್ಲಿ ಪ್ರಕಟಿಸಿದ ಚಿಕ್ಕ ಅಧ್ಯಯನದಲ್ಲಿ ಓಂಕಾರ ನುಡಿಯುವಾಗ ಭಯ, ಉದ್ವೇಗಗಳಿಗೆ ಸಂಬಂಧಿಸಿದ ಮಿದುಳಿನ ಭಾಗಗಳು ತಣ್ಣಗಾದವು. 'ಸ್ಸ್ಸ್' ಎಂದಾಗ ಆಗಲಿಲ್ಲ. ಅವರೆಲ್ಲ ಎಚ್ಚರವಿದ್ದರು. ಡೆಲ್ಟಾ ಹುಟ್ಟಿತೆಂದು ಅದರಿಂದ ಹೇಳಲಾಗದು.

ಜಪದಲ್ಲಿ ನಾದ ಹೊರಡುವುದು ನಮ್ಮದೇ ಉಸಿರಿನಿಂದ. ಉಸಿರು ಉದ್ದವಾಗುತ್ತದೆ, ಎದೆಬಡಿತ ನಿಧಾನವಾಗುತ್ತದೆ, ನಾಳೆಯ ಚಿಂತೆ ಅಷ್ಟು ಹೊತ್ತು ದೂರ ಸರಿಯುತ್ತದೆ. ನಿದ್ದೆಗೆ ಬಾಗಿಲು ತೆರೆಯಲು ಅಷ್ಟು ಸಾಕು; ಡೆಲ್ಟಾ ತರುವುದು ದಿನವಿಡೀ ದುಡಿದ ಮಿದುಳಿನದೇ ಕೆಲಸ. ವಾರಗಟ್ಟಲೆ ನಿದ್ದೆ ಇಲ್ಲದವರು, ಗೊರಕೆಯ ನಡುವೆ ಉಸಿರು ಕಟ್ಟುವವರು ವೈದ್ಯರನ್ನು ಕಾಣಲಿ. ಉಳಿದವರು ಮೊಬೈಲನ್ನು ಪಡಸಾಲೆಯಲ್ಲಿ ಬಿಟ್ಟು, ಹಾಸಿಗೆಯ ಮೇಲೆ ಕೂತು, ತಮ್ಮದೇ ದನಿಯಲ್ಲಿ ಹತ್ತು ನಿಮಿಷ ನಾಮ ಹೇಳಿ ನೋಡಲಿ.